ಕಾರ್ನ್‌ಫೋರ್ತ್ ಗಡಿಯಾರದ ಕೆಳಗೆ

ಉತ್ತರ ಇಂಗ್ಲೆಂಡಿನ ಲ್ಯಾಂಕಾಸ್ಟರ್ ನಿಲ್ದಾಣದ ಫಲಕದಲ್ಲಿ ಕಾರ್ನ್‌ಫೋರ್ತ್ ಎಂಬ ಹೆಸರನ್ನು ಹುಡುಕುತ್ತ ನಿಂತಿದ್ದೆ. ನಾನು ಹತ್ತಬೇಕಿದ್ದ ರೈಲು ಕಣ್ಣೆದುರೇ ಹೊರಟುಹೋಯಿತು. ಫಲಕದಲ್ಲಿ ದೊಡ್ಡದಾಗಿ ಕಾಣುವುದು ಕೊನೆಯ ನಿಲ್ದಾಣದ ಹೆಸರು ಮಾತ್ರ ಎಂದು ಯಾರೂ ಹೇಳಿರಲಿಲ್ಲ. ಮುಂದಿನ ರೈಲಿಗಾಗಿ ಚಳಿಗಾಳಿಯಲ್ಲಿ ಮುಕ್ಕಾಲು ಗಂಟೆ ಕಾದ ಸಿಟ್ಟು ಈಗಲೂ ಆರಿಲ್ಲ. ಅಲ್ಲಿಗೆ ಹೋಗುವವರು ಬ್ಯಾರೋ ಅಥವಾ ಲೀಡ್ಸ್ ಕಡೆಯ ರೈಲನ್ನು ನೋಡಿಕೊಳ್ಳಿ. ಲಂಡನ್ನಿನಿಂದ ಗ್ಲಾಸ್ಗೋಗೆ ಓಡುವ ವೇಗದ ರೈಲುಗಳು ಆ ಊರಿನ ಮೇಲೆಯೇ ಹಾದುಹೋದರೂ ಅಲ್ಲಿ ನಿಲ್ಲುವುದಿಲ್ಲ.

ಮ್ಯಾಂಚೆಸ್ಟರಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಲೇಕ್ ಡಿಸ್ಟ್ರಿಕ್ಟಿನಲ್ಲಿ ಮೂರು ದಿನ ಕಳೆದೆವು. ಕೆರೆಗಳು ಚೆನ್ನಾಗಿವೆ, ಜನಜಂಗುಳಿ ಅತಿ. ಆದರೆ ನಾನು ಇಂಗ್ಲೆಂಡಿಗೆ ಹೊರಟಾಗಿನಿಂದ ನೋಡಲೇಬೇಕೆಂದುಕೊಂಡಿದ್ದು ಈ ಸಣ್ಣ ನಿಲ್ದಾಣವನ್ನು. 1945ರ ಫೆಬ್ರವರಿಯಲ್ಲಿ ಇಂಗ್ಲಿಷ್ ನಿರ್ದೇಶಕ ಡೇವಿಡ್ ಲೀನ್ ‘ಬ್ರೀಫ್ ಎನ್‌ಕೌಂಟರ್’ ಚಿತ್ರದ ರೈಲು ನಿಲ್ದಾಣದ ದೃಶ್ಯಗಳನ್ನು ತೆಗೆದದ್ದು ಇಲ್ಲಿ. ಆಗ ಅವರಿಗೆ ಮೂವತ್ತಾರು ವರ್ಷ. ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಹಗಲೆಲ್ಲ ರೈಲುಗಳ ಓಡಾಟ ಇರುತ್ತಿದ್ದುದರಿಂದ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಚಿತ್ರೀಕರಣ ನಡೆಯುತ್ತಿತ್ತು. ದಕ್ಷಿಣದ ಊರುಗಳಲ್ಲಿ ರಾತ್ರಿ ದೀಪ ಹಚ್ಚುವುದೇ ಅಪಾಯವಾಗಿತ್ತು. ಇಷ್ಟು ಉತ್ತರದಲ್ಲಿದ್ದರೆ ವಿಮಾನದಾಳಿಯ ಸುಳಿವು ಸಿಕ್ಕೊಡನೆ ದೀಪ ಆರಿಸಿಕೊಳ್ಳಲು ಸಮಯ ಸಿಗುತ್ತಿತ್ತು.

ನಿಲ್ದಾಣದಲ್ಲಿ ಮೊದಲು ಕಣ್ಣಿಗೆ ಬೀಳುವುದು ಗಡಿಯಾರ. ಚಾವಣಿಯಿಂದ ಪ್ಲಾಟ್‌ಫಾರಂ ಮೇಲಕ್ಕೆ ಚಾಚಿಕೊಂಡು ಎರಡೂ ಕಡೆಗೆ ಮುಖ ಮಾಡಿ ನಿಂತಿದೆ. ಚಿತ್ರದಲ್ಲಿ ತಂತಮ್ಮ ಸಂಸಾರವಿದ್ದೂ ಒಬ್ಬರನ್ನೊಬ್ಬರು ಪ್ರೀತಿಸುವ ಲಾರಾ ಮತ್ತು ಅಲೆಕ್ ಎಂಬಿಬ್ಬರಿಗೆ ವಾರಕ್ಕೆ ಒಂದೇ ದಿನ, ಅದೂ ಕೆಲವೇ ಗಂಟೆಗಳ ಭೇಟಿ. ಅವರಿಬ್ಬರಿಗೂ ಈ ಗಡಿಯಾರವೇ ಶತ್ರು. ಅದರ ಕೆಳಗೆ ಕತ್ತೆತ್ತಿ ನಿಂತಾಗ ಗಂಟಲು ಕಟ್ಟಿತು.

ಪಕ್ಕದಲ್ಲೇ ಚಹಾದ ಕೋಣೆ. ಉದ್ದನೆಯ ಕಟ್ಟೆ, ಮಿರುಗುವ ಚಹಾದ ಹಂಡೆ, ಗಾಜಿನ ಮುಚ್ಚಳದ ಕೆಳಗೆ ಬನ್ನುಗಳು. ಇಂಗ್ಲಿಷರ ಚಹಾ ನನಗೆ ಎಂದೂ ಹಿಡಿಸಿಲ್ಲ, ಕುದಿಸದ ಸೊಪ್ಪಿನ ಮೇಲೆ ತಣ್ಣನೆಯ ಹಾಲು. ಆದರೆ ಆ ಕೋಣೆಯಲ್ಲಿ ಎರಡು ಲೋಟ ಕುಡಿದೆ. ಲಾರಾ ಮತ್ತು ಅಲೆಕ್ ಕೊನೆಯ ಸಲ ಕುಳಿತದ್ದು ಇಂಥದೇ ಮೇಜಿನಲ್ಲಿ. ಬೀಳ್ಕೊಡುವ ಹೊತ್ತಿಗೆ ಪರಿಚಯದ ಹೆಂಗಸೊಬ್ಬಳು ಬಂದು ಕುಳಿತು ಹರಟುತ್ತಾಳೆ. ಅಲೆಕ್ ಏನೂ ಹೇಳಲಾಗದೆ ಲಾರಾಳ ಭುಜವನ್ನೊಮ್ಮೆ ಮೆಲ್ಲನೆ ಒತ್ತಿ ಹೊರಟುಹೋಗುತ್ತಾನೆ. ಅಷ್ಟೇ. ಇಷ್ಟು ವರ್ಷಗಳಲ್ಲಿ ನಾನು ನೋಡಿದ ಯಾವ ಅಗಲಿಕೆಯ ದೃಶ್ಯವೂ ಆ ಒಂದು ಕೈಗೆ ಸಮನಲ್ಲ.

ಕಟ್ಟೆಯ ಬಳಿ ಎಂಬತ್ತರ ಆಸುಪಾಸಿನ ಸ್ವಯಂಸೇವಕಿಯೊಬ್ಬರು ಇದ್ದರು. ನಾನು ಬಿಟ್ಟೂ ಬಿಡದೆ ಮೇಜನ್ನೇ ನೋಡುತ್ತಿದ್ದುದನ್ನು ಕಂಡು ಬಂದು ಕುಳಿತರು.

“ಒಂದು ವಿಷಯ ಹೇಳಲೇ? ಈ ಕೋಣೆಯಲ್ಲಿ ಚಿತ್ರೀಕರಣ ನಡೆಯಲೇ ಇಲ್ಲ. ಚಹಾದ ಕೋಣೆಯ ದೃಶ್ಯಗಳನ್ನು ತೆಗೆದದ್ದು ಡೆನಮ್ ಸ್ಟುಡಿಯೋದಲ್ಲಿ. ಸಿನಿಮಾದಲ್ಲಿ ಇದ್ದ ಹಾಗೆ ಇದನ್ನು ಆಮೇಲೆ ನಾವು ಮಾಡಿಕೊಂಡೆವು” ಎಂದರು.

ನನಗೆ ನಮ್ಮಪ್ಪನ ನೆನಪಾಯಿತು. “ನಮ್ಮೂರಿನಲ್ಲಿ ಲೀನ್ ಇದಕ್ಕೆ ತಿರುಗುಮುರುಗು ಮಾಡಿದ್ದರು” ಎಂದೆ. ಅವರಿಗೆ ಅರ್ಥವಾಗಲಿಲ್ಲ.

ನನ್ನ ಊರು ಮಾಗಡಿ ಎಂದು ಹೇಳಿದೆ. ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕಾಗಿ ಲೀನ್ ಬಿಹಾರದ ಬರಾಬರ್ ಗುಹೆಗಳನ್ನು ನೋಡಿ ಬಂದಿದ್ದರು. ಅಲ್ಲಿನ ಬೆಟ್ಟಗಳು ಅವರ ಮನಸ್ಸಿಗೆ ಬರಲಿಲ್ಲ. ಬೆಂಗಳೂರಿನ ಹತ್ತಿರದ ಸಾವನದುರ್ಗ ಮತ್ತು ರಾಮದೇವರ ಬೆಟ್ಟವನ್ನು ಆರಿಸಿಕೊಂಡರು. ಗುಹೆಗಳಿಲ್ಲದ ಕಡೆ ಬಂಡೆಯಲ್ಲಿ ಬಾಯಿಗಳನ್ನು ಮಾತ್ರ ಕೊರೆಸಿದರು. ನಾನಾಗ ಮೂರನೇ ತರಗತಿ. ಚಿತ್ರತಂಡ ಹೋದ ಮೇಲೆ ಅಪ್ಪ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿ ತೋರಿಸಿದ್ದರು. ಕಪ್ಪು ಬಾಯಿಯೊಳಗೆ ಇಣುಕಿದರೆ ತೋಳಿನಳತೆಗೆ ಬಂಡೆ ತಗುಲುತ್ತಿತ್ತು. “ಬಾಗಿಲಿದೆ ಮಗಳೇ, ಮನೆಯಿಲ್ಲ” ಎಂದಿದ್ದರು ಅಪ್ಪ.

ಆಕೆ ನನ್ನ ಕೈ ಹಿಡಿದುಕೊಂಡರು. “ಇಲ್ಲಿ ಇಲ್ಲದ ಮನೆಯನ್ನು ನಾವು ಕಟ್ಟಿದೆವು” ಎಂದರು. ಸಾವನದುರ್ಗದ ಹೆಸರನ್ನು ಕಾಗದದ ಮೇಲೆ ಬರೆಸಿಕೊಂಡು ಮೂರು ಸಲ ಉಚ್ಚರಿಸಿ ನೋಡಿದರು.

ಆಮೇಲೆ ಲೀನ್ ಬಗ್ಗೆಯೇ ಮಾತು. ಕ್ರಾಯ್ಡನ್ನಿನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆ, ಸಿನಿಮಾ ನೋಡುವುದು ನಿಷಿದ್ಧ. ಮನೆಗೆಲಸದ ಹೆಂಗಸು ಚಾಪ್ಲಿನ್ ಚಿತ್ರಗಳನ್ನು ಅಭಿನಯಿಸಿ ತೋರಿಸುತ್ತಿದ್ದುದೇ ಹುಡುಗನ ಮೊದಲ ಸಿನಿಮಾ. 1927ರಲ್ಲಿ ಗೋಮಾಂಟ್ ಸ್ಟುಡಿಯೋದಲ್ಲಿ ಚಹಾ ಹಂಚುವ ಹುಡುಗನಾಗಿ ಸೇರಿ, ಮುಂದೆ ಸಂಕಲನಕಾರರಾದರು. ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’ ಮತ್ತು ‘ಲಾರೆನ್ಸ್ ಆಫ್ ಅರೇಬಿಯಾ’ಗಳಿಗೆ ನಿರ್ದೇಶನದ ಆಸ್ಕರ್ ಬಂತು. 1970ರ ‘ರಯಾನ್ಸ್ ಡಾಟರ್’ ಬಂದಾಗ ನ್ಯೂಯಾರ್ಕಿನ ವಿಮರ್ಶಕರು ಎದುರಿಗೇ ಕೂರಿಸಿಕೊಂಡು ಹೀಯಾಳಿಸಿದರು. ಹದಿನಾಲ್ಕು ವರ್ಷ ಅವರ ಹೊಸ ಚಲನಚಿತ್ರವೇ ಬರಲಿಲ್ಲ. ಆ ಮೌನ ಮುರಿದದ್ದು ನಮ್ಮ ಬೆಟ್ಟದಲ್ಲಿ, ಅವರ ಎಪ್ಪತ್ತೈದನೆಯ ವಯಸ್ಸಿನಲ್ಲಿ. ಅದೇ ಅವರ ಕೊನೆಯ ಚಿತ್ರವಾಯಿತು. ಸಂಕಲನವನ್ನೂ ತಾವೇ ಮಾಡಿದರು. 1991ರಲ್ಲಿ ತೀರಿಕೊಂಡಾಗ ಮತ್ತೊಂದು ಚಿತ್ರದ ಸಿದ್ಧತೆಯಲ್ಲಿದ್ದರು.

ಮರುಭೂಮಿಯ ಲೀನರನ್ನು ಲೋಕವೆಲ್ಲ ಹೊಗಳುತ್ತದೆ. ನನಗೆ ಈ ಪ್ಲಾಟ್‌ಫಾರಮ್ಮಿನ ಲೀನ್ ಅವರಿಗಿಂತ ದೊಡ್ಡವರು. ಅಲೆಕ್ ಹೋದ ಮೇಲೆ ಲಾರಾ ಎದ್ದು ಹೊರಗೆ ಓಡುತ್ತಾಳೆ, ಹಳಿಯ ಅಂಚಿನವರೆಗೂ. ಕ್ಯಾಮೆರಾ ಓರೆಯಾಗುತ್ತದೆ. ವೇಗದ ರೈಲು ಹಾದುಹೋಗುತ್ತದೆ, ಆದರೆ ಲೀನ್ ರೈಲನ್ನು ತೋರಿಸುವುದಿಲ್ಲ. ಕಿಟಕಿಗಳ ಬೆಳಕು ಲಾರಾ ಆಗಿ ನಟಿಸಿದ ಸೀಲಿಯಾ ಜಾನ್ಸನ್ನರ ಮುಖದ ಮೇಲೆ ಪಟಪಟನೆ ಬಿದ್ದು ಹೋಗುತ್ತದೆ, ಗಾಳಿಗೆ ಕೂದಲು ಹಾರುತ್ತದೆ. ಸಾವಿನ ತುದಿಗೆ ಹೋದವಳು ಹಿಂದಿರುಗಿದಳು ಎಂಬುದು ಆ ಮುಖದಲ್ಲೇ ತಿಳಿಯುತ್ತದೆ. ಯಾವುದನ್ನು ತೋರಿಸಬಾರದು ಎಂಬುದು ಸಂಕಲನದ ಮೇಜಿನಲ್ಲಿ ವರ್ಷಗಟ್ಟಲೆ ಕುಳಿತವರಿಗೆ ಮಾತ್ರ ಗೊತ್ತಿರುತ್ತದೆ.

ಸಂಜೆ ಪ್ಲಾಟ್‌ಫಾರಂಗಳ ನಡುವಿನ ಸುರಂಗದ ಇಳಿಜಾರಿನಲ್ಲಿ ಇಳಿದು ಹತ್ತಿದೆ. ಮೆಟ್ಟಿಲುಗಳಿಲ್ಲ. ಮುಖ್ಯ ಹಳಿಯ ಪ್ಲಾಟ್‌ಫಾರಂಗಳನ್ನು 1970ರಲ್ಲೇ ಮುಚ್ಚಿದ್ದಾರೆ, ಈಗ ಅಲ್ಲಿ ಬೇಲಿ. ನನ್ನ ರೈಲಿಗೆ ಇನ್ನೂ ಹತ್ತು ನಿಮಿಷವಿತ್ತು. ಬೇಲಿಯ ಬಳಿ ನಿಂತೆ. ಉತ್ತರದ ಕಡೆ ಹೊರಟ ಉದ್ದನೆಯ ರೈಲೊಂದು ನಿಲ್ಲದೆ ನುಗ್ಗಿ ಬಂತು. ಬೆಳಗಿದ ಕಿಟಕಿಗಳು ಒಂದರ ಹಿಂದೊಂದು ಓಡಿದವು, ನನ್ನ ಶಾಲು ಬೇಲಿಯ ತಂತಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಂಡು ತಿರುಗಿದಾಗ ಚಹಾದ ಕೋಣೆಯ ಬಾಗಿಲಲ್ಲಿ ಆಕೆ ನಿಂತಿದ್ದರು, ಕೈಯಲ್ಲಿ ಅದೇ ಕಾಗದ.