ಆಲ್ ಹೇಲ್ ದ ಪವರ್: ಕೋಲಾರದ ಟ್ಯೂನು, ತುಮಕೂರಿನ ಟ್ಯೂನು

'ಆಲ್ ಹೇಲ್ ದ ಪವರ್ ಆಫ್ ಜೀಸಸ್ ನೇಮ್' ಅನ್ನುವ ಇಂಗ್ಲಿಷ್ ಚರ್ಚ್ ಹಾಡನ್ನು ಯಾವ ಟ್ಯೂನಿನಲ್ಲಿ ಹಾಡುತ್ತೀರಿ ಅಂತ ಕೇಳಿದರೆ ಸಾಕು, ಆ ಮನೆಯವರು ಯಾವ ಕಡೆಯ ಚರ್ಚಿನವರು ಅಂತ ನಾನು ಹೆಚ್ಚುಕಮ್ಮಿ ಹೇಳಿಬಿಡುತ್ತೇನೆ. ಕೋಲಾರದ ಮೆಥಡಿಸ್ಟ್ ಪಂಗಡದವರಾದರೆ 'ಕಾರೋನೇಷನ್'. ತುಮಕೂರು, ಗುಬ್ಬಿ ಕಡೆಯ ಹಳೇ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮನೆಯವರಾದರೆ 'ಮೈಲ್ಸ್ ಲೇನ್'. ಕೆಜಿಎಫ್‌ನಲ್ಲಿ ಕ್ವಾಯರಿನಲ್ಲಿ, ಅಂದರೆ ಚರ್ಚಿನ ಹಾಡುವ ತಂಡದಲ್ಲಿ, ಹಾಡಿ ಬೆಳೆದವರಾದರೆ 'ಡಯಾಡೆಮ್' ಅಂತ ಎದೆಯುಬ್ಬಿಸಿ ಹೇಳುತ್ತಾರೆ. ನಾನೇನು ಸರ್ವೆ ಮಾಡಿಲ್ಲ, ನಮ್ಮ ನೆಂಟರಿಷ್ಟರನ್ನು ನೋಡಿ ಹೇಳುತ್ತಿದ್ದೇನೆ ಅಷ್ಟೇ.

ಆದರೆ ಇದಕ್ಕೆ ಕಾರಣ ಇದೆ ಅಂತ ನನ್ನ ಲೆಕ್ಕ. ತುಮಕೂರಿಗೂ ಗುಬ್ಬಿಗೂ ಬಂದವರು ಇಂಗ್ಲೆಂಡಿನ ಮೆಥಡಿಸ್ಟರಾದ ವೆಸ್ಲಿಯನ್ ಮಿಷನ್‌ನವರು. ಅವರ ಚರ್ಚುಗಳು 1947ರಲ್ಲಿ ಸಿಎಸ್‌ಐಗೆ ಸೇರಿದವು. ಕೋಲಾರದ ಕಥೆ ಬೇರೆ. ಇಲ್ಲಿ ದೊಡ್ಡ ಬರದ ಕಾಲದಲ್ಲಿ ತಬ್ಬಲಿ ಮಕ್ಕಳನ್ನು ಸಾಕುತ್ತಿದ್ದ ಮಿಸ್ ಆನ್‌ಸ್ಟೀ ತಮ್ಮ ಮಿಷನ್ನನ್ನು 1890ರಲ್ಲಿ ಅಮೆರಿಕದ ಮೆಥಡಿಸ್ಟರಿಗೆ ಒಪ್ಪಿಸಿದರು. ನಮ್ಮೂರಿನ ಇಟಿಸಿಎಂ ಆಸ್ಪತ್ರೆ ಆ ಅಮೆರಿಕದವರದ್ದೇ ಕೆಲಸ. ಇವರು ಸಿಎಸ್‌ಐಗೆ ಸೇರಲೇ ಇಲ್ಲ. ಎರಡೂ ಕಡೆಯವರು ಮೆಥಡಿಸ್ಟರ ಮಕ್ಕಳೇ, ಆದರೆ ಒಬ್ಬರ ಹಾಡಿನ ಪುಸ್ತಕ ಲಂಡನ್‌ದು, ಇನ್ನೊಬ್ಬರದ್ದು ಅಮೆರಿಕದ್ದು. ಹಾಡು ಒಂದೇ ಆದರೂ ಪುಸ್ತಕದ ಜೊತೆ ಬಂದ ಟ್ಯೂನು ಬೇರೆ.

ಇದರ ಮಜಾ ಗೊತ್ತಾಗಬೇಕಾದರೆ ಎರಡೂ ಕಡೆಯವರು ಸೇರಿದ ಮದುವೆಗೆ ಹೋಗಬೇಕು. ನಮ್ಮ ಮನೆಯದ್ದೇ ಒಂದು ಮದುವೆಯಲ್ಲಿ ಹುಡುಗಿ ಕೋಲಾರದವಳು, ಹುಡುಗ ತುಮಕೂರಿನವನು. ಕೀಬೋರ್ಡಿನವನು ಕಾರೋನೇಷನ್ ಬಾರಿಸಿದ. ಮೊದಲ ಚರಣದ ಮೂರು ಸಾಲು ಹೇಗೋ ಗೊಣಗಿಕೊಂಡು ಬಂದ ತುಮಕೂರಿನ ದೊಡ್ಡಮ್ಮಂದಿರು ಕೊನೇ ಸಾಲಿಗೆ ಬರುತ್ತಿದ್ದಂತೆ ತಮ್ಮ ಮೈಲ್ಸ್ ಲೇನಿನ ಏರುಸ್ವರದ ಮೆಟ್ಟಿಲು ಹತ್ತಿಯೇಬಿಟ್ಟರು. ನಮ್ಮವರು ಸಾಲನ್ನು ಮತ್ತೆ ಹಾಡುತ್ತಿದ್ದಾರೆ, ಅವರು ಮೇಲಿನ ಸ್ವರದಲ್ಲಿ ನಿಂತಿದ್ದಾರೆ, ಪಾಸ್ಟರ್ ಕಣ್ಣು ಮುಚ್ಚಿಕೊಂಡಿದ್ದಾರೆ. ಎರಡನೇ ಚರಣಕ್ಕೆ ಯಾರೂ ಸೋಲಲಿಲ್ಲ, ಇನ್ನೂ ಜೋರಾಯಿತು.

ಇದು ಹೇಗೆ ಸಾಧ್ಯ ಅಂದರೆ ಹಾಡಿನ ಅಳತೆ. ಇಂಗ್ಲಿಷಿನಲ್ಲಿ ಸಾಲಿಗೆ 8, 6, 8, 6 ಅಕ್ಷರ. ಇದಕ್ಕೆ ಕಾಮನ್ ಮೀಟರ್ ಅನ್ನುತ್ತಾರೆ. ಈ ಅಳತೆಗೆ ಕಟ್ಟಿದ ಯಾವ ಟ್ಯೂನಿಗೆ ಬೇಕಾದರೂ ಈ ಅಳತೆಯ ಯಾವ ಹಾಡನ್ನಾದರೂ ಕೂರಿಸಬಹುದು. ನಮ್ಮ ಗಮಕಿಗಳು ಒಂದೇ ಭಾಮಿನಿ ಷಟ್ಪದಿಯನ್ನು ಬೇರೆ ಬೇರೆ ರಾಗದಲ್ಲಿ ವಾಚಿಸುತ್ತಾರಲ್ವಾ, ಹಾಗೆ. ವ್ಯತ್ಯಾಸ ಬರುವುದು ಕೊನೇ ಸಾಲಿನಲ್ಲಿ. 'ಆತನಿಗೆ ಕಿರೀಟ ತೊಡಿಸಿ' ಅನ್ನುವ ಆ ಮಾತನ್ನು ಎಷ್ಟು ಸಲ ಹೇಳಿಸಬೇಕು, ಯಾರ ಬಾಯಲ್ಲಿ ಹೇಳಿಸಬೇಕು, ಅದನ್ನು ಒಬ್ಬೊಬ್ಬರು ಒಂದೊಂದು ಥರ ತೀರ್ಮಾನ ಮಾಡಿದರು.

ಹಾಡು ಬರೆದವರು ಎಡ್ವರ್ಡ್ ಪೆರೊನೆಟ್. 1720ರ ದಶಕದಲ್ಲಿ ಹುಟ್ಟಿದವರು. ಅಪ್ಪ ಇಂಗ್ಲೆಂಡಿನ ಶೋರಮ್ ಊರಿನ ಪಾದ್ರಿ. ಎಡ್ವರ್ಡ್ ಮೊದಲು ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿ ಜೊತೆ ಇದ್ದರು, ಆಮೇಲೆ ಚರ್ಚ್ ಆಫ್ ಇಂಗ್ಲೆಂಡನ್ನು ಗೇಲಿ ಮಾಡಿ ಒಂದು ಉದ್ದದ ಪದ್ಯ ಬರೆದು ವೆಸ್ಲಿಯ ಸಿಟ್ಟಿಗೆ ಗುರಿಯಾದರು. ಸ್ವಲ್ಪ ಹಠಮಾರಿ ಮನುಷ್ಯ ಅನ್ನಿಸುತ್ತದೆ. ಇವರ ಹಾಡು ಇವರ ಹೆಸರೇ ಇಲ್ಲದೆ 'ಗಾಸ್ಪೆಲ್ ಮ್ಯಾಗಝಿನ್' ಪತ್ರಿಕೆಯಲ್ಲಿ ಬಂತು. 1779ರ ನವೆಂಬರಿನಲ್ಲಿ ಒಂದು ಚರಣ ಟ್ಯೂನಿನ ಜೊತೆಗೆ, 1780ರ ಏಪ್ರಿಲಿನಲ್ಲಿ ಪೂರ್ತಿ. ಇವತ್ತು ನಾವು ಹಾಡುವುದು ಅದೇ ಮಾತಲ್ಲ. ಜಾನ್ ರಿಪ್ಪನ್ ಅನ್ನುವ ಬ್ಯಾಪ್ಟಿಸ್ಟ್ ಪಾದ್ರಿ 1787ರಲ್ಲಿ ಅದನ್ನು ತಿದ್ದಿ ಕೊನೆಗೆ ತಮ್ಮದೊಂದು ಚರಣ ಸೇರಿಸಿದರು. ಆ ಸೇರಿಸಿದ ಚರಣವೇ ಈಗ ಎಲ್ಲರಿಗೂ ಇಷ್ಟ.

ಪತ್ರಿಕೆಯಲ್ಲಿ ಬಂದ ಆ ಟ್ಯೂನೇ ಮೈಲ್ಸ್ ಲೇನ್. ಕಟ್ಟಿದವರು ವಿಲಿಯಂ ಶ್ರಬ್‌ಸೋಲ್, ಕ್ಯಾಂಟರ್‌ಬರಿ ಕಥೀಡ್ರಲ್ಲಿನ ಕ್ವಾಯರ್ ಹುಡುಗನಾಗಿದ್ದವರು. ಆಗ ವಯಸ್ಸು 19! ಕೊನೇ ಸಾಲಿನ ಮಾತನ್ನು ನಾಲ್ಕು ಸಲ ಹೇಳಿಸುತ್ತಾ, ಸ್ವರವನ್ನು ಮೇಲೆ ಮೇಲೆ ಏರಿಸುತ್ತಾ ಹೋಗಿ, ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಬಿಡುತ್ತಾರೆ. ಏರುವಾಗ ಮೈ ಜುಮ್ಮೆನ್ನುತ್ತದೆ. ಆಮೇಲೆ ಈ ಹುಡುಗ ಬ್ಯಾಂಗರ್ ಕಥೀಡ್ರಲ್ಲಿನಲ್ಲಿ ಆರ್ಗನ್ ನುಡಿಸುವ ಕೆಲಸ ಹಿಡಿದ. ಬೇರೆ ಪಂಗಡದವರ ಪ್ರಾರ್ಥನೆಗೆ ಹೋಗುತ್ತಾನೆ ಅಂತ ಅಲ್ಲಿಂದ ಕಳಿಸಿಬಿಟ್ಟರು. ಲಂಡನ್ನಿಗೆ ಬಂದು ಸ್ಪಾ ಫೀಲ್ಡ್ಸ್ ಚಾಪೆಲ್ ಸೇರಿ, 1806ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಆರ್ಗನ್ ನುಡಿಸಿದರು. ಬನ್‌ಹಿಲ್ ಫೀಲ್ಡ್ಸ್ ಸ್ಮಶಾನದಲ್ಲಿ ಅವರ ಕಲ್ಲಿನ ಮೇಲೆ ಈ ಟ್ಯೂನಿನ ಸ್ವರಗಳನ್ನೇ ಕೆತ್ತಿದ್ದಾರೆ.

ನಮ್ಮ ಕಾರೋನೇಷನ್ ಕಟ್ಟಿದವರು ಆಲಿವರ್ ಹೋಲ್ಡನ್, ಮ್ಯಾಸಚೂಸೆಟ್ಸ್‌ನ ಬಡಗಿ. 1775ರ ಯುದ್ಧದಲ್ಲಿ ಸುಟ್ಟುಹೋಗಿದ್ದ ಚಾರ್ಲ್ಸ್‌ಟೌನ್ ಊರನ್ನು ಮತ್ತೆ ಕಟ್ಟುವಾಗ ಕೆಲಸಕ್ಕೆ ಬಂದವರು. ಆಮೇಲೆ ಅಂಗಡಿ ಇಟ್ಟರು, ಜಮೀನು ವ್ಯಾಪಾರ ಮಾಡಿದರು. 1793ರಲ್ಲಿ ಈ ಟ್ಯೂನನ್ನು ಅಚ್ಚು ಹಾಕಿಸಿದರು. ಇದರಲ್ಲಿ ಕಸರತ್ತಿಲ್ಲ. ಕೊನೇ ಎರಡು ಸಾಲನ್ನು ಇನ್ನೊಮ್ಮೆ ಹೇಳಿಸುತ್ತಾರೆ, ಅಷ್ಟೇ. ಮೊದಲ ಸಲ ತಪ್ಪಿದವರು ಎರಡನೇ ಸಲ ಸರಿ ಮಾಡಿಕೊಳ್ಳಬಹುದು! ಭಾನುವಾರ ಬೆಳಿಗ್ಗೆ ಗಂಟಲು ಕಟ್ಟಿರುವವರು, ಓದು ಬಾರದವರು, ಚಿಕ್ಕ ಮಕ್ಕಳು, ಎಲ್ಲರೂ ಹಾಡುವಂಥ ಟ್ಯೂನು ಬೇಕು ಅಂದರೆ ನನ್ನ ಓಟು ಇದಕ್ಕೇ.

ಡಯಾಡೆಮ್ ಮಾತ್ರ ಸಭೆಯ ಕೈಗೆ ಸಿಗುವಂಥದ್ದಲ್ಲ. ಅದು ಕ್ವಾಯರಿನ ಹಬ್ಬ. ಕಟ್ಟಿದವರು ಜೇಮ್ಸ್ ಎಲ್ಲರ್, ಮ್ಯಾಂಚೆಸ್ಟರ್ ಹತ್ತಿರದ ಡ್ರಾಯ್ಲ್ಸ್‌ಡನ್ ಊರಿನಲ್ಲಿ ಟೋಪಿ ಮಾಡುವ ಕೆಲಸ. ಇಸವಿ 1838, ಇವರ ವಯಸ್ಸೂ 19. ಬರೆದ ಟ್ಯೂನನ್ನು ಫ್ಯಾಕ್ಟರಿಗೇ ಒಯ್ದರಂತೆ, ಜೊತೆಯ ಕೆಲಸಗಾರರು ಅಲ್ಲೇ ಹಾಡಿ ನೋಡಿದರಂತೆ. ಮುಂದೆ ರೈಲ್ವೆ ಕೆಲಸ ಮಾಡಿ, ಆಮೇಲೆ ಅಮೆರಿಕಕ್ಕೆ ಹೋಗಿ ಮತ್ತೆ ಟೋಪಿಗೇ ಬಂದರು. ಕೆಜಿಎಫ್ ಗಣಿಯ ಚಾಂಪಿಯನ್ ರೀಫ್‌ನಲ್ಲಿದ್ದ ನಮ್ಮ ದೊಡ್ಡ ಸೋದರಮಾವ ಇದರ ಬೇಸ್, ಅಂದರೆ ಗಂಡಸರ ತಗ್ಗಿನ ಸ್ವರ, ಹಾಡುತ್ತಿದ್ದರು. ಹೆಂಗಸರು ಒಂದು ಮಾತನ್ನು ಉದ್ದಕ್ಕೆ ಎಳೆಯುವಾಗ ಕೆಳಗಡೆ ಗಂಡಸರ ಸ್ವರ ಓಡುತ್ತಲೇ ಇರಬೇಕು. ಮಾವ ಹಾಡುವಾಗ ಗದ್ದವನ್ನು ಕಾಲರಿಗೆ ಒತ್ತಿಕೊಂಡು, ಬಲಗೈ ಹೆಬ್ಬೆರಳಿನಿಂದ ಬೆಂಚಿನ ಬೆನ್ನಿಗೆ ತಾಳ ಹಾಕುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕ್ವಾಯರಿನಲ್ಲಿದ್ದವರ ಮಕ್ಕಳೆಲ್ಲ ಬೆಂಗಳೂರಿನ ಟ್ರೈನ್ ಹಿಡಿದರು. ಬೆಳಗಿನ ಜಾವ ಹೋಗಿ ರಾತ್ರಿ ಬರುವವರಿಗೆ ಪ್ರಾಕ್ಟೀಸಿಗೆ ಎಲ್ಲಿಂದ ಟೈಮ್ ತರುವುದು?

ಸುಮ್ನೆ ಹೇಳುವುದಾದರೆ, ಮೂರರಲ್ಲಿ ಚೆನ್ನಾಗಿ ಕಟ್ಟಿದ್ದು ಮೈಲ್ಸ್ ಲೇನ್. ಕೋಲಾರದವನಾಗಿ ಇದನ್ನು ಬರೆಯಲು ಸ್ವಲ್ಪ ಕಷ್ಟವೇ, ನಮ್ಮ ಚರ್ಚಿನವರು ಓದಿದರೆ ಬಯ್ಯುತ್ತಾರೆ. ಆದರೆ ಸಭೆಯಲ್ಲಿ ಅರ್ಧ ಜನ ಆ ಎತ್ತರದ ಸ್ವರ ಮುಟ್ಟದೆ ಬಾಯಿ ಮುಚ್ಚಿಕೊಳ್ಳುವುದನ್ನೂ ನೋಡಿದ್ದೇನೆ. ಪಿಚ್ ಎರಡು ಸ್ವರ ಇಳಿಸಿ ಬಾರಿಸಿದರೆ ಈ ತೊಂದರೆ ಹೋಗುತ್ತದೆ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಬಟನ್ ಇರುವುದೇ ಅದಕ್ಕೆ, ಯಾರೂ ಒತ್ತುವುದಿಲ್ಲ.

ಈ ಸಲದ ಈಸ್ಟರಿಗೆ ನಮ್ಮ ಕ್ವಾಯರಿನಲ್ಲಿ ಡಯಾಡೆಮ್ ಹಾಡೋಣ ಅಂತ ಮಾತಾಗಿದೆ. ಹೆಂಗಸರು ಈಗಾಗಲೇ ಕಲಿತುಬಿಟ್ಟಿದ್ದಾರೆ. ಬೇಸ್ ಹಾಡುವ ಇಬ್ಬರೂ ನರಸಾಪುರದ ಫ್ಯಾಕ್ಟರಿಯಲ್ಲಿ, ಒಬ್ಬ ಡೇ ಶಿಫ್ಟ್, ಇನ್ನೊಬ್ಬ ನೈಟ್ ಶಿಫ್ಟ್, ಇಬ್ಬರೂ ಒಟ್ಟಿಗೆ ಸಿಗುತ್ತಿಲ್ಲ. ಕೋಲಾರದ ಕಡೆ ಬೇಸ್ ಹಾಡುವವರು ಯಾರಾದರೂ ಇದ್ದರೆ ಶನಿವಾರ ಸಂಜೆ ಬನ್ನಿ, ಸ್ಟಾಫ್ ನೊಟೇಷನ್ (ಐದು ಗೆರೆಯ ಸ್ವರಲಿಪಿ) ಓದಲು ಬರದಿದ್ದರೂ ಪರವಾಗಿಲ್ಲ, ಕೇಳಿಕೊಂಡೇ ಕಲಿಯಬಹುದು.