ಮೂರು ಓಟಿನಲ್ಲಿ ಹೋಯಿತು

ಸ್ಲೌ, 2 ಏಪ್ರಿಲ್ 2019, ಮಂಗಳವಾರ ರಾತ್ರಿ

ನಿನ್ನೆ ರಾತ್ರಿ ಪಾತ್ರೆ ತೊಳೆದು ಟಿವಿ ಮುಂದೆ ಕೂರುವ ಹೊತ್ತಿಗೆ ಬ್ರಿಟನ್ ಪಾರ್ಲಿಮೆಂಟಿನ ಸ್ಪೀಕರ್ ಬರ್ಕೋ ಬ್ರೆಕ್ಸಿಟ್ ಓಟಿನ ಲೆಕ್ಕ ಓದುತ್ತಿದ್ದರು. ಐರೋಪ್ಯ ಒಕ್ಕೂಟ ಬಿಟ್ಟರೂ ಅದರ ಜೊತೆ ಕಸ್ಟಮ್ಸ್ ಯೂನಿಯನ್, ಅಂದರೆ ಸುಂಕದ ಕೂಟ, ಬೇಕು ಎಂದವರು 273, ಬೇಡ ಎಂದವರು 276. ಇವರು ಸೋಫಾದಿಂದ ಎದ್ದು ಚಪ್ಪಾಳೆ ಹೊಡೆದರು. ಎರಡೇ ನಿಮಿಷಕ್ಕೆ ಸ್ವಿಂಡನ್‌ನಿಂದ ಭಾವನ ಫೋನು. "ಮೂರು ಓಟಿನಲ್ಲಿ ಕೆಡಿಸಿಬಿಟ್ರಲ್ಲ ಕಣಮ್ಮಾ! ನಿಮ್ಮೆಜಮಾನ್ರಿಗೆ ಕೊಡು ಫೋನ್‌ನ." ಇವರು ಮಲಗಿದ್ದಾರೆ ಭಾವ, ಅಂದೆ. ಚಪ್ಪಾಳೆ ಆ ಕಡೆಗೆ ಕೇಳಿಸಿತೋ ಏನೋ.

ತಮಾಷೆ ಏನು ಗೊತ್ತಾ? 2016ರ ಜೂನ್ 23ರಂದು ಈ ಷಡ್ಡಕರಿಬ್ಬರೂ ಒಂದೇ ಕಡೆ ಓಟು ಹಾಕಿದವರು. ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಗೆ ಹೋಗೋಣ ಅಂತ. ಉಳಿಯೋಣ ಎಂದು ಹಾಕಿದವರು ನಾನು, ಅಕ್ಕ. ಆಗ ಎರಡು ಮನೆಯಲ್ಲೂ ಗಂಡ ಹೆಂಡಿರ ಜಗಳ. ಈಗ ಅಕ್ಕ ತಂಗಿ ಸೋತು ಸುಮ್ಮನಾಗಿದ್ದೇವೆ. ಗೆದ್ದವರಿಬ್ಬರು ಕಿತ್ತಾಡುತ್ತಿದ್ದಾರೆ.

ಇವರ ಸಿಟ್ಟು ಶುರುವಾದದ್ದು ಮಾವಿನ ಹಣ್ಣಿನಿಂದ. 2014ರ ಮೇ ತಿಂಗಳಲ್ಲಿ ಐರೋಪ್ಯ ಒಕ್ಕೂಟ ಇಂಡಿಯಾದ ಮಾವನ್ನು ನಿಲ್ಲಿಸಿತು. ಜೊತೆಗೆ ಬದನೆ, ಹಾಗಲ, ಪಡವಲ, ಕೆಸುವಿನ ಎಲೆ. ಕೆಲವು ಪೆಟ್ಟಿಗೆಗಳಲ್ಲಿ ಹಣ್ಣಿನ ನೊಣ ಮತ್ತು ಬೇರೆ ಹುಳ ಸಿಕ್ಕಿದ್ದು ಕಾರಣ. ಆ ಬೇಸಿಗೆ ಆಪೂಸಿಗಾಗಿ ಇವರು ಸೌತಾಲ್‌ನ ಅಂಗಡಿ ಅಂಗಡಿ ಅಲೆದು ಬರಿಗೈಲಿ ಬಂದರು. "ಈ ದೇಶದಲ್ಲಿ ಮಾವಿನ ತೋಪು ಎಲ್ಲಿದೆ, ನೊಣಕ್ಕೆ ಹೆದರೋಕೆ?" ಇಲ್ಲಿನ ಗಾಜಿನ ಮನೆಗಳ ಟೊಮೆಟೊ, ಸೌತೆಗೂ ಅಪಾಯ ಎಂದು ಬ್ರಿಟನ್ ಸರ್ಕಾರವೇ ಹೇಳಿತ್ತು. ಅದು ಇವರಿಗೆ ನೆನಪಿಲ್ಲ. ಮುಂದಿನ ವರ್ಷ ಹಣ್ಣು ವಾಪಸ್ ಬಂತು, ಸಿಟ್ಟು ಮಾತ್ರ ಇಳಿಯಲಿಲ್ಲ.

ಹಾಗಾಗಿ ಇವರಿಗೆ ಪೂರ್ತಿ ಹೊರಗೆ ಹೋಗಬೇಕು. ಕಸ್ಟಮ್ಸ್ ಯೂನಿಯನ್‌ನಲ್ಲಿ ಇದ್ದರೆ ಹೊರಗಿನ ಸರಕಿಗೆ ಎಲ್ಲ ದೇಶಗಳದ್ದೂ ಒಂದೇ ಸುಂಕ. ಇಂಡಿಯಾ ಜೊತೆ ನಾವೇ ಕೂತು ಸುಂಕ ಇಳಿಸಿಕೊಳ್ಳುವ ಹಾಗಿಲ್ಲ. ಮಾವನ್ನು ತಡೆದದ್ದು ಸುಂಕ ಅಲ್ಲವಲ್ಲ, ಹುಳದ ನಿಯಮ ತಾನೇ, ಅಂದೆ. ಅದಕ್ಕೂ ಕಸ್ಟಮ್ಸ್ ಯೂನಿಯನ್ನಿಗೂ ಸಂಬಂಧ ಇಲ್ಲ. ಸುಂಕದ ಕೂಟ ಬೇರೆ, ನಿಯಮಗಳೆಲ್ಲ ಒಂದೇ ಆಗಿರುವ ಮಾರುಕಟ್ಟೆ ಬೇರೆ. ನಾರ್ವೆ ಆ ಮಾರುಕಟ್ಟೆಯಲ್ಲಿದೆ, ಸುಂಕದ ಕೂಟದಲ್ಲಿಲ್ಲ. ಟರ್ಕಿ ತಿರುಗಾಮುರುಗಾ. ಇಷ್ಟು ಹೇಳುವಷ್ಟರಲ್ಲಿ ಇವರು ಚಾನೆಲ್ ಬದಲಾಯಿಸಿದ್ದರು.

ಭಾವನದ್ದು ಹೊಟ್ಟೆಪಾಡಿನ ಮಾತು. ಅವರ ಕಂಪನಿ ಕಾರಿನ ಬಿಡಿಭಾಗ ಮಾಡುತ್ತದೆ. ಕಚ್ಚಾ ಮಾಲು ಜರ್ಮನಿಯಿಂದ ಡೋವರ್ ಬಂದರು ದಾಟಿ ಬರುತ್ತದೆ. ಗೋಡೌನ್‌ನಲ್ಲಿ ಹೆಚ್ಚು ಸ್ಟಾಕ್ ಇಡುವ ಪದ್ಧತಿಯೇ ಇಲ್ಲ. ಲಾರಿ ಬಂದ ಹಾಗೆ ಕೆಲಸ. ಡೋವರಿನಲ್ಲಿ ಒಂದೊಂದು ಲಾರಿಯನ್ನೂ ನಿಲ್ಲಿಸಿ ಕಾಗದ ನೋಡಿದರೆ ಇಲ್ಲಿ ಯಂತ್ರ ಸುಮ್ನೆ ನಿಲ್ಲುತ್ತದೆ. ಊರಿನ ದೊಡ್ಡ ಕಾರು ಕಾರ್ಖಾನೆ 2021ರಲ್ಲಿ ಮುಚ್ಚುತ್ತದೆ ಎಂದು ಫೆಬ್ರವರಿಯಲ್ಲಿ ಸುದ್ದಿ ಬಂತು. 3,500 ಜನರ ಕೆಲಸ. ಬ್ರೆಕ್ಸಿಟ್‌ನಿಂದ ಅಲ್ಲ ಎಂದು ಕಾರ್ಖಾನೆಯವರೇ ಹೇಳಿದ್ದಾರೆ, ಭಾವನೂ ಒಪ್ಪುತ್ತಾರೆ. ಆದರೆ ಅದು ಮುಚ್ಚಿದ ಮೇಲೆ ಭಾವನ ಕಂಪನಿ ಮಾಲು ಮಾರಬೇಕಾದ್ದು ಯುರೋಪಿಗೇ. "ಮತ್ತೆ ಹೊರಗೆ ಅಂತ ಹಾಕಿದ್ರಲ್ಲ ಭಾವ?" ಎಂದು ಕೇಳಿದ್ದೆ. "ಜನ ಜಾಸ್ತಿ ಆದ್ರು ಅಂತ ಹಾಕಿದ್ದಮ್ಮ. ನಟ್ಟು ಬೋಲ್ಟು ಬರಬಾರದು ಅಂತಲ್ಲ." (ಜನ ಜಾಸ್ತಿ ಆದರು ಅನ್ನುವವರು ಹಾಸನದಿಂದ ಬಂದವರು!)

2016ರ ಓಟಿನ ಚೀಟಿಯಲ್ಲಿ ಇದ್ದದ್ದು ಎರಡೇ ಚೌಕ. ಉಳಿಯುವುದಾ, ಬಿಡುವುದಾ. ಬಿಟ್ಟು ಎಲ್ಲಿಗೆ ಹೋಗುವುದು ಎಂದು ಯಾರೂ ಕೇಳಲಿಲ್ಲ. ಬಿಡೋಣ ಎಂದ ಶೇಕಡಾ 51.9ರೊಳಗೆ ಇವರೂ ಇದ್ದಾರೆ, ಭಾವನೂ ಇದ್ದಾರೆ. ಪಾರ್ಲಿಮೆಂಟಿನಲ್ಲೂ ಅದೇ ಕಥೆ. ಪ್ರಧಾನಿ ತೆರೇಸಾ ಮೇ ಯುರೋಪಿನ ಜೊತೆ ಮಾಡಿಕೊಂಡ ಒಪ್ಪಂದ ಮೂರು ಸಲ ಬಿತ್ತು. ಜನವರಿಯಲ್ಲಿ 230 ಓಟಿನಿಂದ, ಮಾರ್ಚ್ 12ಕ್ಕೆ 149ರಿಂದ, ಹೊರಗೆ ಹೋಗಲೇಬೇಕಿದ್ದ ಮಾರ್ಚ್ 29ರಂದೇ 58ರಿಂದ. ನಡುವೆ, ಕಳೆದ ಬುಧವಾರ, ಸದಸ್ಯರಿಗೆ ಎಂಟು ದಾರಿ ಬರೆದ ಕಾಗದ ಕೊಟ್ಟರು. ಎಷ್ಟಕ್ಕೆ ಬೇಕಾದರೂ ಹೂಂ ಅನ್ನಬಹುದಿತ್ತು. ಎಂಟೂ ಬಿದ್ದವು. ನಿನ್ನೆ ನಾಲ್ಕು, ಅವೂ ಬಿದ್ದವು. ಕಸ್ಟಮ್ಸ್ ಯೂನಿಯನ್ ಸಲಹೆ ತಂದವರು ಕೆನ್ ಕ್ಲಾರ್ಕ್. 1970ರಿಂದ ಅಲ್ಲೇ ಕೂತಿರುವ ಹಿರಿಯರು. ಅದನ್ನು ಸೋಲಿಸಿದವರಲ್ಲಿ ಯುರೋಪಿನಲ್ಲೇ ಉಳಿಯಬೇಕು ಎನ್ನುವ ಕೆಲವರೂ ಇದ್ದರು! ಅರ್ಧ ಬೇಡ, ಪೂರ್ತಿ ಬೇಕು ಅಂತ. ಆಡಳಿತ ಪಕ್ಷದ ಸದಸ್ಯ ನಿಕ್ ಬೋಲ್ಸ್, ಆ ನಾಲ್ಕರಲ್ಲೊಂದಾದ ತಮ್ಮ ಸಲಹೆ ಬಿದ್ದ ಕೂಡಲೇ ಅಲ್ಲೇ ಎದ್ದು ನಿಂತು ಪಕ್ಷ ಬಿಟ್ಟೆ ಎಂದರು, ಗಂಟಲು ಕಟ್ಟಿತ್ತು. ನನಗೆ ಕರುಳು ಚುರ್ ಅಂತು. ಇವರು ನಕ್ಕರು.

ಐರ್ಲೆಂಡ್ ಗಡಿಯ ಮಾತೆತ್ತಿದರೆ ಇವರೂ ಭಾವನೂ ಇಬ್ಬರೂ ಸುಮ್ಮನಾಗುತ್ತಾರೆ. ಒಕ್ಕೂಟದಲ್ಲೇ ಉಳಿಯುವ ಐರ್ಲೆಂಡಿಗೂ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ನಡುವೆ 500 ಕಿಲೋಮೀಟರ್ ಗಡಿ, 1998ರ ಒಪ್ಪಂದದ ಮೇಲೆ ನಿಂತ ಶಾಂತಿ. ಅಲ್ಲಿ ಮತ್ತೆ ಗೇಟು ಹಾಕದೆ ಪೂರ್ತಿ ಹೊರಗೆ ಹೋಗುವುದು ಹೇಗೆ, ಇವರ ಬಳಿ ಉತ್ತರ ಇಲ್ಲ.

ಇವತ್ತು ಬೆಳಿಗ್ಗೆ ನಮ್ಮ ಔಷಧಿ ಅಂಗಡಿಗೆ ಬಂದ ಅಜ್ಜಿ, ಬ್ರೆಕ್ಸಿಟ್ ಆದರೆ ಔಷಧಿ ಸಿಗದೇನೋ ಎಂದು ಹೆದರಿ, ಇನ್ಸುಲಿನ್ ಎರಡು ತಿಂಗಳಿಗೆ ಆಗುವಷ್ಟು ಕೊಡಿ ಎಂದರು. ಹಾಗೆ ಕೊಡುವಂತಿಲ್ಲ. ಆರು ವಾರಕ್ಕೆ ಆಗುವಷ್ಟು ಜಾಸ್ತಿ ಔಷಧಿ ಇಟ್ಟುಕೊಳ್ಳಿ ಎಂದು ಸರ್ಕಾರ ಕಂಪನಿಗಳಿಗೆ ಹೇಳಿದೆ ಅಂದೆ. ಪ್ರಧಾನಿಯೂ ಇನ್ಸುಲಿನ್ ಚುಚ್ಚಿಕೊಳ್ಳುವವರೇ ಅಲ್ವಾ, ಅಂದೆ. ಅಜ್ಜಿ, "ಅವಳಿಗೆ ಸಿಗುತ್ತೆ ಬಿಡು" ಎಂದು ಚೀಲ ಎತ್ತಿಕೊಂಡರು.

ನನ್ನ ಜೊತೆ ಕೌಂಟರಿನಲ್ಲಿ ನಿಲ್ಲುವ ಪೋಲೆಂಡಿನವಳು ಭಾನುವಾರ, ಬ್ರೆಕ್ಸಿಟ್ ಆದ ಮೇಲೂ ಇಲ್ಲೇ ಇರಲು ಬೇಕಾದ ಸೆಟಲ್ಡ್ ಸ್ಟೇಟಸ್ ಅರ್ಜಿ ತುಂಬಿದಳಂತೆ. ಅವಳು ಇಲ್ಲಿಗೆ ಬಂದು 13 ವರ್ಷ. 2016ರಲ್ಲಿ ಅವಳಿಗೆ ಓಟಿರಲಿಲ್ಲ. ನನಗಿತ್ತು! ಆಗ ನಾನು ಇಂಡಿಯಾ ಪಾಸ್‌ಪೋರ್ಟಿನವಳು, ಬಂದು ಮೂರು ವರ್ಷವೂ ತುಂಬಿರಲಿಲ್ಲ. ಕಾಮನ್‌ವೆಲ್ತ್ ದೇಶದವರು ಎಂದು ನಮಗೆ ಕೊಟ್ಟರು, ಯುರೋಪಿನ ಹೆಚ್ಚಿನವರಿಗೆ ಕೊಡಲಿಲ್ಲ. ಇದನ್ನು ಅವಳ ಮುಂದೆ ಇನ್ನೂ ಹೇಳಿಲ್ಲ ನಾನು.

ಸಂಜೆ ಮೇ ಅವರು ಏಳು ಗಂಟೆ ಕ್ಯಾಬಿನೆಟ್ ಸಭೆ ಮುಗಿಸಿ ಬಂದು, ಯುರೋಪಿನವರನ್ನು ಇನ್ನಷ್ಟು ಸಮಯ ಕೇಳುತ್ತೇನೆ, ವಿರೋಧ ಪಕ್ಷದ ನಾಯಕ ಕಾರ್ಬಿನ್ ಜೊತೆ ಕೂತು ಮಾತಾಡುತ್ತೇನೆ ಎಂದರು. ಇವರ ಮುಖ ಇಳಿಯಿತು. ಭಾವ ಫೋನ್ ಮಾಡುತ್ತಾರೆ ಎಂದುಕೊಂಡೆ, ಮಾಡಿದ್ದು ಅಕ್ಕ. ಶನಿವಾರ ಯುಗಾದಿಗೆ ಬರುತ್ತಾರಂತೆ. ಟಿವಿ ರಿಮೋಟ್ ಎತ್ತಿಡು ಎಂದಳು.

ಮಾರ್ಚ್ 29ಕ್ಕೆ ಏನಾಗುತ್ತದೋ ಎಂದು ಹೆದರಿ ಹತ್ತು ಕೆಜಿ ತೊಗರಿಬೇಳೆ ತಂದು ಮಂಚದ ಕೆಳಗೆ ತಳ್ಳಿದ್ದೆ. "ತೊಗರಿ ಯಾವಾಗಿಂದ ಯುರೋಪಿನಿಂದ ಬರ್ತಿದೆ?" ಎಂದು ಇವರು ವಾರವೆಲ್ಲ ರೇಗಿಸಿದರು. ಒಬ್ಬಟ್ಟಿಗೆ ಅದರಲ್ಲೇ ಒಂದು ಕೆಜಿ ತೆಗೆದೆ. ಉಳಿದದ್ದು ಅಲ್ಲೇ ಇರಲಿ. ಹೊಸ ಗಡುವು 12ನೇ ತಾರೀಖು.