ಮೊನ್ನೆ ನಾನು ಎಲ್ಲಿದ್ದೆ?

ಯುಗಾದಿಯ ದಿನ ಹೂರಣ ಅರ್ಧ ರುಬ್ಬುವಷ್ಟರಲ್ಲಿ ಗ್ರೈಂಡರ್ ನಿಂತುಹೋಯಿತು. “ಮೊನ್ನೆ ಮೊನ್ನೆ ತಂದದ್ದು, ಇಷ್ಟು ಬೇಗ ಕೆಟ್ಟಿತಲ್ಲ” ಎಂದೆ.

“ಅಮ್ಮ, ಅದು ನನ್ನ ಮದುವೆಯ ವರ್ಷ ತಂದದ್ದು” ಎಂದಳು ಮಗಳು.

ಪಕ್ಕದಲ್ಲಿ ಕೂತು ಬೆರಳಿಗೆ ಅಂಟಿದ ಹೂರಣ ನೆಕ್ಕುತ್ತಿದ್ದ 6 ವರ್ಷದ ಮೊಮ್ಮಗಳು ತಲೆ ಎತ್ತಿದಳು. “ಮೊನ್ನೆ ನಾನು ಎಲ್ಲಿದ್ದೆ ಅಜ್ಜಿ?”

“ನೀನು ಇನ್ನೂ ಹುಟ್ಟಿರಲಿಲ್ಲ ಪುಟ್ಟಿ.”

“ಮೊನ್ನೆ ನಾನು ಶಾಲೆಗೆ ಹೋಗಿದ್ದೆನಲ್ಲ!”

ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅವಳಿಗೆ ಮೊನ್ನೆ ಎಂದರೆ ಮಂಗಳವಾರ. ಅಂದು ಊಟದ ಡಬ್ಬಿಯ ಮುಚ್ಚಳ ಒಡೆದದ್ದು, ಗೆಳತಿ ಮಾತು ಬಿಟ್ಟದ್ದು, ಸಂಜೆ ಮತ್ತೆ ರಾಜಿಯಾದದ್ದು ಎಲ್ಲವೂ ಅವಳಿಗೆ ನೆನಪಿದೆ. ನನ್ನ ಮೊನ್ನೆಗೆ 9 ವರ್ಷ. ಅವಳು ಬದುಕಿದ್ದನ್ನೆಲ್ಲ ಅದು ಒಂದೇ ಮಾತಿನಲ್ಲಿ ನುಂಗಿಹಾಕಿತ್ತು. ಆ ಪ್ರಶ್ನೆ ಅಂದಿನಿಂದ ಕಿವಿಯಲ್ಲೇ ಇದೆ.

ಈ ಯುಗಾದಿಗೆ ಪರಾಭವ ಸಂವತ್ಸರ ಬಂದಿದೆ. ನಾನು 1966ರಲ್ಲಿ ಹುಟ್ಟಿದಾಗಲೂ ಪರಾಭವವೇ. 60 ಸಂವತ್ಸರಗಳ ಒಂದು ಸುತ್ತು ಮುಗಿದು ನನ್ನ ಹುಟ್ಟಿನ ಹೆಸರು ಮರಳಿ ಬಂದಿದೆ. ವಯಸ್ಸಾದಂತೆ ವರ್ಷ ಕಿರಿದಾಗಿ ಕಾಣುವುದಕ್ಕೆ ಫ್ರಾನ್ಸಿನ ಪಾಲ್ ಜಾನೆ ಎಂಬ ತತ್ತ್ವಜ್ಞಾನಿ ಒಂದು ಲೆಕ್ಕ ಕೊಟ್ಟಿದ್ದ: ಪ್ರತಿ ವರ್ಷವನ್ನೂ ನಾವು ಅದುವರೆಗಿನ ಆಯುಷ್ಯದ ಜೊತೆ ಇಟ್ಟು ಅಳೆಯುತ್ತೇವೆ. ಹಾಗೆ ನೋಡಿದರೆ ಪುಟ್ಟಿಯ 1 ದಿನ ನನ್ನ 10 ದಿನಕ್ಕೆ ಸಮ. ಅವಳಪ್ಪ “ಐದು ನಿಮಿಷ ಇರು” ಎಂದು ಹೇಳಿ ಮೊಬೈಲ್ ಹಿಡಿದು ಕೂರುತ್ತಾನಲ್ಲ, ಆ ಐದು ನಿಮಿಷ ಅವಳಿಗೆ ನನ್ನ ಐವತ್ತು ನಿಮಿಷ. ಅಳಿಯ ಕೆಟ್ಟವನಲ್ಲ, ದುಡಿದು ದಣಿದು ಬರುತ್ತಾನೆ. ಆದರೂ ಮಗುವನ್ನು ಹಾಗೆ ಕಾಯಿಸುವುದು ನನಗೆ ಸರಿಕಾಣುವುದಿಲ್ಲ.

ಲೆಕ್ಕವೊಂದೇ ಸಾಲದು. ಯಜಮಾನರು ತೀವ್ರ ನಿಗಾ ಘಟಕದಲ್ಲಿದ್ದ ರಾತ್ರಿ ನನಗೆ 52 ವರ್ಷ. ಬಾಗಿಲ ಹೊರಗಿನ ಬೆಂಚಿನ ಮೇಲೆ ಕಳೆದ ಆ ಒಂದು ರಾತ್ರಿ ಈಚಿನ ಎಷ್ಟೋ ವರ್ಷಗಳಿಗಿಂತ ಉದ್ದವಾಗಿತ್ತು. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲೇ ಬರೆದಿದ್ದ, ದಿನಗಳು ರೂಢಿಗೆ ಬಿದ್ದಂತೆ ನೆನಪಿನಲ್ಲಿ ಉಳಿಯಲು ಅವುಗಳಲ್ಲಿ ಏನೂ ಇರುವುದಿಲ್ಲ ಎಂದು. ಇದು ನನ್ನ ಕಸುಬಿನಲ್ಲೇ ಕಂಡ ಸತ್ಯ. 33 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ್ದೇನೆ. ಮೊದಲ ವರ್ಷ ಯಾವ ಮಗು ಯಾವ ಕಿಟಕಿಯ ಬಳಿ ಕೂರುತ್ತಿತ್ತು, ಯಾರ ಚೀಲದಲ್ಲಿ ಹುಣಸೆಹಣ್ಣಿರುತ್ತಿತ್ತು ಎಂದು ಈಗಲೂ ಹೇಳಬಲ್ಲೆ. ಕೊನೆಯ ಹತ್ತು ವರ್ಷದ ಮಕ್ಕಳು ಒಂದೇ ತರಗತಿಯಲ್ಲಿ ಒತ್ತೊತ್ತಾಗಿ ಕೂತಂತೆ ಕಾಣುತ್ತಾರೆ. ಅವರಿಗೆಲ್ಲ ಆ ವರ್ಷ ಎಷ್ಟು ದೊಡ್ಡದಾಗಿತ್ತೋ! ಅದನ್ನು ನೆನೆದರೆ ಸಂಕಟವಾಗುತ್ತದೆ.

ಭಾನುವಾರ ಹೊರಡುವಾಗ ಪುಟ್ಟಿ ನನ್ನ ಸೆರಗು ಹಿಡಿದಳು. “ಮತ್ತೆ ಯಾವಾಗ ಬರುವುದು?”

“ಇನ್ನೇನು, ಏಪ್ರಿಲ್ 11 ಬಂದೇಬಿಟ್ಟಿತು, ರಜೆ” ಎನ್ನಲಿದ್ದೆ. ಮಾತು ನುಂಗಿಕೊಂಡೆ. ಅವಳನ್ನು ಎತ್ತಿಕೊಂಡು ಗೋಡೆಯ ಕ್ಯಾಲೆಂಡರ್ ಮುಂದೆ ನಿಂತೆ. ಅವಳ ಬೆರಳಿನಿಂದಲೇ ಒಂದೊಂದು ಮನೆ ಮುಟ್ಟಿಸಿ ಎಣಿಸಿದೆವು. ಮಾರ್ಚ್ ಮುಗಿಯುವ ಹೊತ್ತಿಗೇ ಅವಳ ದನಿ ಸಣ್ಣದಾಗಿತ್ತು. ಏಪ್ರಿಲ್ 11ಕ್ಕೆ ಬೆರಳು ನಿಂತಾಗ ಲೆಕ್ಕ 20ಕ್ಕೆ ಬಂತು.

“ಅಷ್ಟೊಂದಾ ಅಜ್ಜಿ?”

“ಹೌದು ಮಗು, ಅಷ್ಟೊಂದು” ಎಂದೆ.